ದೀಪಕ್ಕೊಂದು ಸುಂಕ, ನೀರಿಗೊಂದು ಸುಂಕ

ಈ ಅಂಕಣದ ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ಮಳೆಗಾಲದ ನೆಗಡಿಯ ಹಾಗೆ ವರ್ಷಕ್ಕೊಮ್ಮೆಯಾದರೂ ತಪ್ಪದೆ ಬರುತ್ತದೆ. ಬ್ರಿಟಿಷರು ಗಂಟುಮೂಟೆ ಕಟ್ಟಿಕೊಂಡು ಹೋಗಿ ಇಷ್ಟು ಕಾಲವಾಯಿತು, ಅವರ ಕಾನೂನುಗಳಿಗೆ ಮಾತ್ರ ಹೋಗುವ ಮನಸ್ಸಿಲ್ಲವೇಕೆ? ಈ ಸಲ ಕೇಳಿದವರು ಉಡುಪಿ ಕಡೆಯ ಓದುಗರು. ಅವರ ಪ್ರಶ್ನೆಗೊಂದು ಬಾಲವೂ ಇತ್ತು. 1927ರ ದೀಪಸ್ತಂಭ ಕಾಯ್ದೆ 2021ರಲ್ಲಿ ರದ್ದಾಯಿತು. ಅದೇ ವರ್ಷ 1917ರ ಒಳನಾಡು ಹಡಗುಗಳ ಕಾಯ್ದೆಯ ಜಾಗಕ್ಕೂ ಹೊಸದು ಬಂತು. 1908ರ ಬಂದರು ಕಾಯ್ದೆಗೆ 2025ರಲ್ಲಿ ಮುಕ್ತಿ ಸಿಕ್ಕಿತು. ಇಷ್ಟೆಲ್ಲ ಆದ ಮೇಲೆ ನಮ್ಮ ಕಡಲತೀರದಲ್ಲಿ ಬದಲಾದದ್ದಾದರೂ ಏನು?

ಮೊದಲ ಪ್ರಶ್ನೆಗೆ ಉತ್ತರ ಸಣ್ಣದು. ಸಂವಿಧಾನ ಜಾರಿಗೆ ಬಂದ ದಿನ ಯಾವ ಯಾವ ಕಾನೂನು ಚಾಲ್ತಿಯಲ್ಲಿತ್ತೋ ಅದೆಲ್ಲ, ಅಧಿಕಾರವುಳ್ಳ ಶಾಸನಸಭೆ ಬದಲಿಸುವ ಅಥವಾ ತೆಗೆದುಹಾಕುವ ತನಕ ಮುಂದುವರಿಯಲಿ ಎಂದು 372ನೇ ವಿಧಿ ಹೇಳಿತು. ಬೇರೆ ದಾರಿಯೂ ಇರಲಿಲ್ಲ. 1950ರ ಜನವರಿ 26ರ ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೇ ರದ್ದು ಮಾಡಿದ್ದರೆ ಬಂದರಿನಲ್ಲಿ ಹಡಗು ತಡೆಯುವ ಅಧಿಕಾರಿಗೂ ನಾಲೆಯ ತೂಬು ತೆರೆಯುವ ಎಂಜಿನಿಯರಿಗೂ ಕೈಯಲ್ಲಿ ಅಧಿಕಾರವೇ ಉಳಿಯುತ್ತಿರಲಿಲ್ಲ.

ಎರಡನೆಯ ಪ್ರಶ್ನೆಗೆ ಸ್ವಲ್ಪ ಸುತ್ತು ಹೊಡೆಯಬೇಕು. ಹಳೆಯ ಕಾಯ್ದೆಯೊಂದು ಕೈಗೆ ಸಿಕ್ಕರೆ ನಾನು ಪೀಠಿಕೆಯಿಂದ ಓದಲು ಶುರು ಮಾಡುವುದಿಲ್ಲ. ದುಡ್ಡಿನ ಕಲಮು ಎಲ್ಲಿದೆ ಎಂದು ಹುಡುಕುತ್ತೇನೆ. ಯಾರು ಕೊಡಬೇಕು, ಎಲ್ಲಿ ಕೊಡಬೇಕು, ಕೊಡದಿದ್ದರೆ ಏನು ಮಾಡುತ್ತಾರೆ? ನೀರಿನ ಮೇಲೆ, ದೋಣಿಯ ಮೇಲೆ, ದೀಪದ ಮೇಲೆ ಬ್ರಿಟಿಷ್ ಸರ್ಕಾರ ಮಾಡಿದ ಕಾಯ್ದೆಗಳನ್ನು ಹೀಗೆ ಓದಿಕೊಂಡು ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸುಂಕ ಸಲೀಸಾಗಿ ಕೈಗೆ ಬರುವ ಕಡೆ ಕಾಯ್ದೆಯದು ಸಭ್ಯರ ಭಾಷೆ. ಸುಂಕ ತಪ್ಪಿಹೋಗುವ ಭಯವಿರುವ ಕಡೆ ಅದೇ ಸರ್ಕಾರ ಊರಿಗೆ ಊರನ್ನೇ ಕಳ್ಳರೆಂದು ನೋಡುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುತ್ತೇವಲ್ಲ, ಸುಂಕದವನಿಗೂ ಅವನದೇ ದುಃಖವಿತ್ತು ಎನ್ನುವುದು ಈ ಕಾಯ್ದೆಗಳ ಸಾಲುಸಾಲಿನಲ್ಲಿ ತಿಳಿಯುತ್ತದೆ.

ದೀಪದ ಮಾತು ಮೊದಲು. ಕಾಪುವಿನ ದೀಪಸ್ತಂಭ 1901ರದು. ಕಡಲಂಚಿನ ಬಂಡೆಯ ಮೇಲೆ ಅದು ನಿಂತಿದೆ. ಅಲ್ಲಿಯ ಮೆಟ್ಟಿಲು ಹತ್ತುವಾಗ ಜೊತೆಗಿದ್ದ ಮೀನುಗಾರ ಗೆಳೆಯರೊಬ್ಬರು ಏದುಸಿರು ಬಿಡುತ್ತಲೇ ಕೇಳಿದ್ದರು: ‘ಇದರ ಖರ್ಚು ಕೊಡುವುದು ಯಾರು ಮಾರಾಯ್ರೆ? ನಮ್ಮ ಅಜ್ಜನ ಕಾಲದಿಂದ ಇದನ್ನು ನೋಡಿಯೇ ದಡ ಹಿಡಿಯುವುದು, ಒಂದು ಪೈಸೆ ಕೊಟ್ಟದ್ದಿಲ್ಲ.’ ಅವರಿಗೆ ಗೊತ್ತಿಲ್ಲದೆ ಅರ್ಥಶಾಸ್ತ್ರದ ಒಂದು ಹಳೇ ಜಗಳಕ್ಕೆ ಅವರು ಕೈಹಾಕಿದ್ದರು. ದೀಪಸ್ತಂಭವನ್ನು ಸ್ವಂತ ಲಾಭಕ್ಕಾಗಿ ಯಾರೂ ಕಟ್ಟಲಾರರು ಎಂದು ಜಾನ್ ಸ್ಟುವರ್ಟ್ ಮಿಲ್ 1848ರಲ್ಲೇ ಬರೆದಿದ್ದ. ಬೆಳಕನ್ನು ಕಂಡ ಹಡಗಿನಿಂದ ನಡುಗಡಲಲ್ಲಿ ದುಡ್ಡು ಕೇಳಲು ಗೇಟು ಹಾಕುವಂತಿಲ್ಲ. ಕೊಡದವನಿಗೆ ಬೆಳಕು ಕಾಣಿಸದಂತೆ ಮಾಡಲೂ ಆಗದು. ಹಾಗಾಗಿ ಇದು ಸರ್ಕಾರವೇ ಮಾಡಬೇಕಾದ ಕೆಲಸ ಎಂದು ಪಾಲ್ ಸ್ಯಾಮ್ಯುಯೆಲ್ಸನ್‌ವರೆಗೆ ಎಲ್ಲರೂ ದೀಪಸ್ತಂಭದ್ದೇ ಉದಾಹರಣೆ ಕೊಡುತ್ತಿದ್ದರು. 1974ರಲ್ಲಿ ರೊನಾಲ್ಡ್ ಕೋಸ್ ಎನ್ನುವವರು ಇಂಗ್ಲೆಂಡಿನ ಕಡತಗಳನ್ನು ಬಿಚ್ಚಿ, ಸ್ವಾಮಿ, ಅಲ್ಲಿ ಖಾಸಗಿಯವರೇ ದೀಪ ಹಚ್ಚಿ ದುಡ್ಡೂ ಮಾಡಿಕೊಂಡಿದ್ದಾರೆ ಎಂದು ತೋರಿಸಿದರು. ದೊರೆಯಿಂದ ಪರವಾನಗಿ ಪಡೆದವರು ದೀಪಸ್ತಂಭ ಕಟ್ಟುತ್ತಿದ್ದರು. ಹಡಗು ಬಂದರಿಗೆ ಬಂದಾಗ ಅದರ ಸುಂಕ ವಸೂಲಾಗುತ್ತಿತ್ತು. 1836ರ ಕಾಯ್ದೆಯ ಪ್ರಕಾರ ಟ್ರಿನಿಟಿ ಹೌಸ್ ಎಂಬ ಸಂಸ್ಥೆ ಅವನ್ನೆಲ್ಲ ಕೊಂಡುಕೊಂಡಿತು. ಕೋಸ್ ಅವರ ಮೇಲೂ ಟೀಕೆ ಬಂದಿದೆ. ವಸೂಲಿಗೆ ದೊರೆಯ ಬಲವೇ ಬೇಕಾಗಿದ್ದ ಮೇಲೆ ಅದನ್ನು ಖಾಸಗಿ ಎನ್ನುವುದು ಹೇಗೆ ಎಂದು ಕೇಳುವವರಿದ್ದಾರೆ, ನನಗೂ ಅದು ಸರಿ ಅನ್ನಿಸುತ್ತದೆ. ಆದರೆ ಅವರು ಎತ್ತಿ ತೋರಿಸಿದ ಉಪಾಯ ಸುಳ್ಳಲ್ಲ: ಬೆಳಕಿನ ಬಿಲ್ಲನ್ನು ಕಡಲಲ್ಲಿ ಕೊಡಲಾಗದಿದ್ದರೆ ಬಂದರಿನಲ್ಲಿ ಕೊಡಿ.

ನಮ್ಮ 1927ರ ಕಾಯ್ದೆ ಮಾಡಿದ್ದೂ ಇದನ್ನೇ. ಅದಕ್ಕೂ ಮುಂಚೆ ಮುಂಬಯಿ, ಮದರಾಸು, ಬಂಗಾಳ ಎಂದು ಒಂದೊಂದು ಪ್ರಾಂತ್ಯ ತನ್ನ ತನ್ನ ದೀಪ, ತನ್ನ ತನ್ನ ಸುಂಕ ಎಂದು ನಡೆಸಿಕೊಂಡಿತ್ತು. ಹೊಸ ಕಾಯ್ದೆ ದೀಪಗಳನ್ನು ಎರಡು ಪಾಲು ಮಾಡಿತು. ಸಾಗುವ ಹಡಗುಗಳಿಗೆಲ್ಲ ದಾರಿ ತೋರಿಸುವಂಥವು ಕೇಂದ್ರ ಸರ್ಕಾರದ ಕೈಗೆ. ಒಂದು ಬಂದರಿನ ಬಾಗಿಲಿಗಷ್ಟೇ ಬೇಕಾದವು ಆಯಾ ಬಂದರಿನವರ ಕೈಗೆ. ಹಡಗು ಭಾರತದ ಯಾವುದಾದರೂ ಬಂದರಿಗೆ ಬಂದರೆ ಅಥವಾ ಅಲ್ಲಿಂದ ಹೊರಟರೆ ಟನ್ ಲೆಕ್ಕದಲ್ಲಿ ದೀಪದ ಸುಂಕ ಕಟ್ಟಬೇಕು. ಒಮ್ಮೆ ಕಟ್ಟಿದರೆ 30 ದಿನ ಮತ್ತೆ ಕೇಳುವಂತಿಲ್ಲ; ಕೊಚ್ಚಿಯಲ್ಲಿ ಕಟ್ಟಿ ಬಂದ ಹಡಗು ಅದೇ ತಿಂಗಳು ಮುಂಬಯಿಯಲ್ಲಿ ರಸೀದಿ ತೋರಿಸಿದರೆ ಸಾಕು. ವಸೂಲಿ ಮಾಡುವವನು ಕಸ್ಟಮ್ಸ್ ಅಧಿಕಾರಿ. ಕಟ್ಟದಿದ್ದರೆ ಬಂದರು ಬಿಡಲು ಅಪ್ಪಣೆ ಚೀಟಿ ಸಿಗದು, ತೀರಾ ಹಟ ಹಿಡಿದರೆ ಹಡಗನ್ನೇ ಜಪ್ತಿ ಮಾಡಿ ಮಾರಬಹುದು. ಮಾರುವ ಹಂತಕ್ಕೆ ಹೋಗಲು ಯಾವ ಹಡಗಿನ ಮಾಲೀಕನಿಗೂ ಮನಸ್ಸಿರುವುದಿಲ್ಲ. ಆ ಧೈರ್ಯವಿದ್ದುದರಿಂದಲೇ ಕಾಯ್ದೆ ಕೈಬಿಚ್ಚಿ ರಿಯಾಯಿತಿಯನ್ನೂ ಕೊಟ್ಟಿತು. 50 ಟನ್ನಿಗಿಂತ ಸಣ್ಣ ನೌಕೆಗಳಿಗೆ ಸುಂಕವೇ ಇಲ್ಲ. ನನ್ನ ಗೆಳೆಯರ ಅಜ್ಜ ಒಂದು ಪೈಸೆ ಕೊಡದೆ ದಡ ಸೇರಿದ್ದು ಯಾರ ಕಣ್ಣನ್ನೂ ತಪ್ಪಿಸಿ ಅಲ್ಲ. ಅವರ ಬೆಳಕಿನ ಖರ್ಚನ್ನು ಮಂಗಳೂರಿನ ಹೆಂಚು, ಕಾಫಿ ತುಂಬಿಕೊಂಡು ಹೋಗುತ್ತಿದ್ದ ದೊಡ್ಡ ಹಡಗುಗಳು ಕಟ್ಟುತ್ತಿದ್ದವು.

ಸುಂಕದ ಕಲಮುಗಳು ಎಷ್ಟು ಮೆದುವೋ, ಬೆಳಕಿಗೆ ಮೋಸ ಮಾಡುವವನ ವಿಷಯದಲ್ಲಿ ಕಾನೂನು ಅಷ್ಟೇ ಬಿರುಸು. 1860ರ ದಂಡ ಸಂಹಿತೆಯಲ್ಲಿ ಅಕ್ಕಪಕ್ಕದಲ್ಲೇ ಎರಡು ಕಲಮುಗಳಿದ್ದವು. ಅಜಾಗರೂಕತೆಯಿಂದ ಹಡಗು ನಡೆಸಿ ಜನರ ಜೀವಕ್ಕೆ ಅಪಾಯ ತಂದರೆ ಹೆಚ್ಚೆಂದರೆ ಆರು ತಿಂಗಳು ಜೈಲು. ಹಡಗಿನವರನ್ನು ದಾರಿ ತಪ್ಪಿಸಲು ಸುಳ್ಳು ದೀಪ ತೋರಿಸಿದರೆ ಏಳು ವರ್ಷ. ಬಂಡೆಯ ಕಡೆಗೆ ದೀಪ ಹಿಡಿದು ಹಡಗು ಒಡೆಸಿ ಲೂಟಿ ಮಾಡುವ ಭಯ ಯುರೋಪಿನ ಕಡಲಿಗರಿಗೆ ಹಿಂದಿನಿಂದಲೂ ಇತ್ತು. ಆ ಭಯ ನಮ್ಮ ಕಾನೂನಿನೊಳಗೂ ಇಳಿದು ಬಂತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಏಳು ವರ್ಷ ಹಾಗೆಯೇ ಇದೆ. ಹೊಸ ಹೆಸರಿನ ಕಾನೂನುಗಳಲ್ಲಿ ಹಳೆಯ ಸಾಲುಗಳು ಹೀಗೆ ಅಲ್ಲಲ್ಲಿ ಸಿಗುತ್ತಲೇ ಇರುತ್ತವೆ.

ನಮ್ಮ ಕರಾವಳಿಯ ದೀಪಗಳ ಹಿಂದೆ ಬೇರೆಯವರ ಲೆಕ್ಕಾಚಾರಗಳೂ ಇದ್ದವು. ಟಿಪ್ಪುವಿನ ಪತನದ ನಂತರ 1799ರಲ್ಲಿ ಕೆನರಾ ಇಡೀ ಮದರಾಸಿನ ಪಾಲಿಗೆ ಹೋಗಿತ್ತು. 1862ರಲ್ಲಿ ಅದರ ಉತ್ತರ ಭಾಗವನ್ನು ಕತ್ತರಿಸಿ ಮುಂಬಯಿಗೆ ಸೇರಿಸಿದರು. ಕುಂದಾಪುರ ತಾಲ್ಲೂಕು ಮದರಾಸಿನಲ್ಲೇ ಉಳಿಯಿತು. ಇದಕ್ಕೆ ಭಾಷೆಯಾಗಲಿ ಜನರ ಅನುಕೂಲವಾಗಲಿ ಕಾರಣವಲ್ಲ, ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತು, ಧಾರವಾಡ ಸೀಮೆಯ ಹತ್ತಿಯ ಮೇಲೆ ಅವರ ಕಣ್ಣು ಬಿತ್ತು. ಅದನ್ನು ಘಟ್ಟ ಇಳಿಸಿ ಕಾರವಾರದಿಂದ ಹಡಗಿಗೆ ಏರಿಸಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಲಂಡನ್ನಿನಲ್ಲಿ ಒತ್ತಡ ಹಾಕಿದರು. ಬಂದರಿನ ಯೋಜನೆ ಬಂತು, ಘಟ್ಟದ ರಸ್ತೆಗಳ ಕೆಲಸ ನಡೆಯಿತು, ಆ ದಶಕದಲ್ಲೇ ಕಾರವಾರದೆದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭವೂ ಎದ್ದಿತು. ನಾವಿಕರ ನಕ್ಷೆಗಳಲ್ಲಿ ಆಯ್ಸ್ಟರ್ ರಾಕ್ ಎನ್ನುವುದು ಇದನ್ನೇ. ಅಷ್ಟರಲ್ಲಿ, 1865ಕ್ಕೆ, ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಬಿದ್ದೇಹೋಯಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಗೋವೆಯ ಮುರ್ಮಗೋವಾಕ್ಕೆ ರೈಲು ಓಡತೊಡಗಿದ ಮೇಲೆ ಹತ್ತಿಗೆ ಕಾರವಾರದ ನೆನಪೂ ಬರಲಿಲ್ಲ. ದೊಡ್ಡ ಬಂದರಿನ ಆಸೆ ಹೋಯಿತು, ದ್ವೀಪದ ಮೇಲಿನ ದೀಪ ಮಾತ್ರ ಬೇರೆಡೆಗೆ ಹೋಗುವ ಹಡಗುಗಳಿಗೆ ದಾರಿ ತೋರಿಸಿಕೊಂಡು ಉಳಿಯಿತು.

ಈಗ ಉಡುಪಿಯವರ ಪ್ರಶ್ನೆಗೆ ನೇರ ಉತ್ತರ ಕೊಡಬಹುದು. 2021ರ ಕಾಯ್ದೆ ದೀಪಸ್ತಂಭ ಎಂಬ ಹೆಸರನ್ನು ಬಿಟ್ಟು ನೌಕಾ ಸಂಚಾರದ ನೆರವುಗಳು ಎಂಬ ಅಗಲವಾದ ಹೆಸರನ್ನು ಇಟ್ಟುಕೊಂಡಿತು. ರೇಡಿಯೊ, ರೇಡಾರ್‌ಗಳಿಂದ ಹಡಗುಗಳ ಓಡಾಟವನ್ನು ದಡದಲ್ಲಿ ಕುಳಿತು ನಿಯಂತ್ರಿಸುವ ವ್ಯವಸ್ಥೆಯೂ ಅದರೊಳಗೆ ಬಂತು, ಅದನ್ನು ನಡೆಸುವವರಿಗೆ ತರಬೇತಿ, ಪ್ರಮಾಣಪತ್ರ ಕಡ್ಡಾಯವಾಯಿತು. ಹಳೆಯ ದೀಪಸ್ತಂಭಗಳನ್ನು ಪಾರಂಪರಿಕ ಎಂದು ಘೋಷಿಸಿ ಶಿಕ್ಷಣಕ್ಕೆ, ಪ್ರವಾಸೋದ್ಯಮಕ್ಕೆ ಬಳಸಲು ಅವಕಾಶವಾಯಿತು. ಸುಂಕದ ಹೆಸರೂ ಬದಲಾಯಿತು. ಆದರೆ ಅದರ ಬೆನ್ನೆಲುಬು ಅದೇ: ಹಡಗು ಬಂದರಿಗೆ ಬರಲೇಬೇಕು, ಬಂದರೆ ಕಟ್ಟಲೇಬೇಕು, ಕಟ್ಟದೆ ಹೊರಡುವಂತಿಲ್ಲ. ಇದರಲ್ಲೊಂದು ತಮಾಷೆಯೂ ಇದೆ. ಇವತ್ತು ಸುಂಕ ಕಟ್ಟುವ ದೊಡ್ಡ ಹಡಗುಗಳ ತುಂಬ ಉಪಗ್ರಹದ ಉಪಕರಣಗಳು. ಅವಕ್ಕೆ ಕಾಪುವಿನ ದೀಪ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಬ್ಯಾಟರಿ ಸತ್ತ ಮೊಬೈಲು ಹಿಡಿದು ಕತ್ತಲಲ್ಲಿ ದಡ ಹುಡುಕುವ ಸಣ್ಣ ದೋಣಿಗೆ ಅದು ಬೇಕೇ ಬೇಕು, ಆದರೆ ಆ ದೋಣಿ ಕೊಡುವುದು ಏನೂ ಇಲ್ಲ. ಬೇಕಾದವನು ಕೊಡದೆ, ಕೊಡುವವನಿಗೆ ಬೇಡದೆ ಒಂದು ವ್ಯವಸ್ಥೆ ತಣ್ಣಗೆ ನಡೆದುಕೊಂಡು ಹೋಗುತ್ತಿದೆ. ಇದನ್ನು ಯಾರೂ ‘ಸುಧಾರಿಸಲು’ ಹೋಗದಿರಲಿ ಎಂಬುದು ನನ್ನ ಆಸೆ.

ಕಡಲಿನಿಂದ ಹೊಳೆಗೆ ಬಂದರೆ ಸುಂಕದವನ ಮುಖ ಸ್ವಲ್ಪ ಗಂಟಾಗುತ್ತದೆ. ಹೆದ್ದಾರಿಯ ಸೇತುವೆಗಳು ಬರುವ ಮೊದಲು ನಮ್ಮ ಕರಾವಳಿಯಲ್ಲಿ ಪ್ರಯಾಣವೆಂದರೆ ಒಂದರ ಹಿಂದೊಂದು ಕಡವು ದಾಟುವುದು. ನೇತ್ರಾವತಿ, ಗುರುಪುರ ಹೊಳೆ, ಗಂಗೊಳ್ಳಿ, ಶರಾವತಿ, ಅಘನಾಶಿನಿ, ಕಾಳಿ. ಇದರಲ್ಲಿ ದಕ್ಷಿಣದ ಕಡವುಗಳು 1890ರ ಮದರಾಸಿನ ಕಾಲುವೆ ಮತ್ತು ಸಾರ್ವಜನಿಕ ಕಡವುಗಳ ಕಾಯ್ದೆಯ ಲೆಕ್ಕಕ್ಕೆ, ಉತ್ತರದ ತಾರಿಗಳು 1868ರ ಮುಂಬಯಿ ಕಾಯ್ದೆಯ ಲೆಕ್ಕಕ್ಕೆ. ಮಂಗಳೂರಿನಿಂದ ಕಾರವಾರಕ್ಕೆ ಮದುವೆಗೆ ಹೊರಟ ದಿಬ್ಬಣವೊಂದು ಎರಡು ಸರ್ಕಾರಗಳ ನೀರನ್ನು ದಾಟಬೇಕಿತ್ತು. ಹೊಳೆಗೆ ಬಂದರಿನ ಹಾಗೆ ಒಂದೇ ಬಾಗಿಲಿರುವುದಿಲ್ಲ. ಕಡವಿನಲ್ಲಿ ಸುಂಕ ಕೇಳಿದರೆ ಜನ ಮೇಲಕ್ಕೆ ಹೋಗಿ ಇನ್ನೊಬ್ಬನ ದೋಣಿ ಹತ್ತಿಯಾರು. ಅದಕ್ಕೆ ಸರ್ಕಾರ ಹೂಡಿದ ಉಪಾಯ ಉತ್ತರ ಭಾರತದ 1878ರ ಕಡವು ಕಾಯ್ದೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಡವಿನ ಸುಂಕವನ್ನು ಹರಾಜು ಹಾಕಿ ಗುತ್ತಿಗೆದಾರನಿಗೆ ಕೊಡು. ಅವನ ಕಡವಿನ ಎರಡು ಮೈಲಿಯೊಳಗೆ ಅಪ್ಪಣೆಯಿಲ್ಲದೆ ಬೇರೆ ಯಾರೂ ದೋಣಿ ಹಾಕಬಾರದು. ದರದ ಪಟ್ಟಿಯನ್ನು ಜನರಿಗೆ ಕಾಣುವ ಜಾಗದಲ್ಲಿ ಆ ಊರಿನ ಭಾಷೆಯಲ್ಲಿ ಬರೆದು ತೂಗುಹಾಕಬೇಕು. ಕೊನೆಯ ಮಾತು ಒಳ್ಳೆಯದೇ, ಇವತ್ತಿನ ಎಷ್ಟೋ ಟೋಲ್‌ಗೇಟುಗಳಲ್ಲಿ ಅಷ್ಟೂ ಇರುವುದಿಲ್ಲ. ಆದರೆ ಎರಡು ಮೈಲಿಯ ನಿಯಮದಿಂದ ತಲೆತಲಾಂತರದಿಂದ ಹುಟ್ಟು ಹಾಕುತ್ತಿದ್ದ ಅಂಬಿಗ ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಪರಾಧಿ. ಹರಾಜಿನಲ್ಲಿ ಹೆಚ್ಚು ಕೂಗಿದವನು ಹಾಕಿದ ಹಣ ಎತ್ತಬೇಡವೇ? ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ತುಂಬಿದರೆ ಶಿಕ್ಷೆ ಎಂದು ದಂಡ ಸಂಹಿತೆಯಲ್ಲೊಂದು ಕಲಮು ಮೊದಲೇ ಇತ್ತು. ಅದೂ ಈಗ ನ್ಯಾಯ ಸಂಹಿತೆಗೆ ಸಾಗಿ ಬಂದಿದೆ.

ನಾಲೆಯ ಕಾಯ್ದೆಗೆ ಬಂದಾಗ ಮಾತ್ರ ಸುಂಕದವನ ಸಂಕಟ ನಿಜಕ್ಕೂ ಬಯಲಾಗುತ್ತದೆ. 1854ರ ಏಪ್ರಿಲ್‌ನಲ್ಲಿ ಎಂಜಿನಿಯರ್ ಪ್ರೋಬಿ ಕಾಟ್ಲಿ ಕಟ್ಟಿಸಿದ ಗಂಗಾ ಕಾಲುವೆಗೆ ಹರಿದ್ವಾರದ ಕಡೆಯಿಂದ ನೀರು ಬಿಟ್ಟರು. ಪಂಜಾಬಿನಲ್ಲೂ ದೊಡ್ಡ ನಾಲೆಗಳಾದವು. ಕೋಟಿಗಟ್ಟಲೆ ಸುರಿದ ಮೇಲೆ ಅದನ್ನು ವಾಪಸು ತೆಗೆಯಬೇಕಲ್ಲ, ಅದಕ್ಕೆ ಬಂತು 1873ರ ಉತ್ತರ ಭಾರತದ ನಾಲೆ ಮತ್ತು ಬಸಿಗಾಲುವೆ ಕಾಯ್ದೆ. ನದಿ, ತೊರೆ, ಕೆರೆ ಎಲ್ಲವನ್ನೂ ಸಾರ್ವಜನಿಕ ಕೆಲಸಕ್ಕೆ ಬಳಸುವ, ಹತೋಟಿಯಲ್ಲಿಡುವ ಹಕ್ಕು ಸರ್ಕಾರದ್ದು ಎಂದು ಅದರ ಪೀಠಿಕೆ ಒಂದೇ ಉಸಿರಿನಲ್ಲಿ ಹೇಳುತ್ತದೆ. ದೊಡ್ಡ ಮಾತೇ. ಆದರೆ ನಾನು ಹೇಳಿದೆನಲ್ಲ, ನೋಡಬೇಕಾದದ್ದು ದುಡ್ಡಿನ ಕಲಮುಗಳನ್ನು. ಅದರ 33ನೇ ಕಲಮು ಹೀಗಿದೆ. ಹೊಲಗಾಲುವೆಯ ನೀರನ್ನು ಯಾರೋ ಅಕ್ರಮವಾಗಿ ಬಳಸಿದ್ದಾರೆ, ಯಾರೆಂದು ಗೊತ್ತಾಗಲಿಲ್ಲ. ಹಾಗಿದ್ದರೆ ನೀರು ಹರಿದು ಯಾರ ಹೊಲಕ್ಕೆ ಲಾಭವಾಯಿತೋ ಅವನು ಕಟ್ಟಬೇಕು. ಅವನೂ ಗೊತ್ತಾಗಲಿಲ್ಲವೆ? ಆ ಕಾಲುವೆಯ ನೀರಿಗೆ ಕರ ಕಟ್ಟುವ ಎಲ್ಲರೂ ಸೇರಿ ಕಟ್ಟಬೇಕು. ಮುಂದಿನ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ. ನೀರು ಯಾರ ಹೊಲಕ್ಕೂ ಹೋಗದೆ ಸುಮ್ಮನೆ ಹರಿದು ಹಾಳಾಯಿತು, ಯಾರ ತಪ್ಪೆಂದು ವಿಚಾರಣೆಯಲ್ಲಿ ತಿಳಿಯಲಿಲ್ಲ ಎಂದರೆ, ಹಾಳಾದ ನೀರಿನ ದುಡ್ಡನ್ನೂ ಎಲ್ಲರೂ ಹಂಚಿಕೊಂಡು ತೆರಬೇಕು.

ಬಂದರಿನ ಕಸ್ಟಮ್ಸ್ ಅಧಿಕಾರಿಯ ಪಕ್ಕದಲ್ಲಿ ಈ ನಾಲೆಯ ಅಧಿಕಾರಿಯನ್ನು ನಿಲ್ಲಿಸಿ ನೋಡಿ. ಅವನೆದುರು ನಿಂತದ್ದು ಒಂದು ಹಡಗು, ಒಬ್ಬ ಕಪ್ತಾನ, ಒಂದು ರಸೀದಿ. ಇವನೆದುರು ಇರುವುದು ಸಾವಿರಾರು ಹೊಲ, ಸಾವಿರಾರು ಬದು, ರಾತ್ರಿ ಯಾರು ಎಲ್ಲಿ ಸನಿಕೆ ಹಾಕಿ ಒಡೆದರೋ ಕಾಣದ ಕತ್ತಲು. ಪ್ರತಿ ಬದುವಿನ ಮೇಲೂ ಕಾವಲಿಡಲು ಸರ್ಕಾರಕ್ಕೆ ಆಗುವುದಿಲ್ಲ. ಆದ್ದರಿಂದ ನೆರೆಯವನನ್ನೇ ನೆರೆಯವನ ಮೇಲೆ ಕಾವಲಿಟ್ಟಿತು. ಒಬ್ಬ ಕದ್ದರೆ ಎಲ್ಲರಿಗೂ ದಂಡ ಬೀಳುವುದಾದರೆ ಒಬ್ಬರ ಮೇಲೊಬ್ಬರು ಕಣ್ಣಿಟ್ಟೇ ಇಡುತ್ತಾರೆ ಎನ್ನುವುದು ಅದರ ಲೆಕ್ಕ. ಅಷ್ಟಕ್ಕೇ ನಿಲ್ಲಲಿಲ್ಲ. ನಾಲೆಗೆ ತುರ್ತಾಗಿ ದುರಸ್ತಿ ಬೇಕಾದರೆ ಸುತ್ತಲ ಊರುಗಳಿಂದ ಆಳುಗಳನ್ನು ಹಿಡಿದು ಕರೆಸುವ ಅಧಿಕಾರ ಒಂದು ಇಡೀ ಅಧ್ಯಾಯವಾಗಿ ಆ ಕಾಯ್ದೆಯಲ್ಲಿದೆ. ಕೂಲಿ ಕೊಡಬೇಕೆಂದಿತ್ತು ನಿಜ. ಬರುವುದಿಲ್ಲ ಎನ್ನುವ ಹಕ್ಕು ಇರಲಿಲ್ಲ. ಪಂಜಾಬು 2023ರಲ್ಲಿ ತನ್ನದೇ ಹೊಸ ಕಾಯ್ದೆ ಮಾಡಿಕೊಂಡಿತು. ಉತ್ತರ ಪ್ರದೇಶದ ರೈತನ ನಾಲೆಗೆ ತಿದ್ದುಪಡಿಗಳ ತೇಪೆ ಹಾಕಿದ 1873ರ ಕಾಯ್ದೆಯೇ ದಿಕ್ಕು.

ಆ ಕಾಯ್ದೆಯಲ್ಲಿ ಇನ್ನೊಂದು ಅಧ್ಯಾಯವೂ ಇದೆ, ನಾಲೆಯಲ್ಲಿ ದೋಣಿ ಸಂಚಾರದ್ದು. ಸುಂಕ ಕೊಡದ ದೋಣಿಯನ್ನು ಹಿಡಿದಿಡುವುದು, ಸರಕು ಜಪ್ತಿ ಮಾಡುವುದು, ಮಾಲೀಕ ಬಿಟ್ಟುಹೋದ ದೋಣಿಯನ್ನು ಮಾರುವುದು. ಓದಿದರೆ ಗಂಗಾ ಕಾಲುವೆಯ ಮೇಲೆ ದೋಣಿಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವೇನೋ ಅನ್ನಿಸಬೇಕು. ದೋಣಿಗೆ ಸುಂಕ ಹಾಕಿ ಬದುಕಬಹುದು ಎಂಬ ಆಸೆ ಕಂಪನಿ ಕಾಲದ್ದೇ. 1775ರ ಸುಮಾರಿಗೆ ವಿಲಿಯಂ ಟಾಲಿ ಎಂಬ ಸೈನ್ಯಾಧಿಕಾರಿ ಕಲ್ಕತ್ತೆಯ ದಕ್ಷಿಣಕ್ಕೆ ಹೂತುಹೋಗಿದ್ದ ಹಳೇ ಗಂಗೆಯ ಹರಿವನ್ನು ಅಗೆದು ಅದರ ಮೇಲೆ ಸುಂಕ ಎತ್ತುವ ಹಕ್ಕು ಪಡೆದಿದ್ದ. ಅವನ ಹೆಸರು ಇವತ್ತಿಗೂ ಟಾಲಿಗಂಜ್‌ನಲ್ಲಿದೆ. ಅದೇ ಆಸೆಯನ್ನು ನಮ್ಮ ತುಂಗಭದ್ರೆಯ ಮೇಲೂ ಪರೀಕ್ಷಿಸಿ ನೋಡಿದರು. ಭಾರತಕ್ಕೆ ಬೇಕಾದದ್ದು ರೈಲಲ್ಲ, ನೀರಿನ ದಾರಿ ಎಂದು ಜೀವನವಿಡೀ ವಾದಿಸಿದ ಎಂಜಿನಿಯರ್ ಆರ್ಥರ್ ಕಾಟನ್‌ನ ಮಾತು ನಂಬಿ ಲಂಡನ್ನಿನಲ್ಲಿ ಮದರಾಸು ನೀರಾವರಿ ಮತ್ತು ಕಾಲುವೆ ಕಂಪನಿ ಹುಟ್ಟಿತು. ಕರ್ನೂಲಿನ ಹತ್ತಿರ ಸುಂಕೇಸುಲದಲ್ಲಿ ತುಂಗಭದ್ರೆಗೆ ಅಡ್ಡಗಟ್ಟೆ ಹಾಕಿ ಕಡಪದವರೆಗೆ ನಾಲೆ, ನೀರಾವರಿಗೂ ಸೈ, ದೋಣಿಗೂ ಸೈ. ಹತ್ತು ಲಕ್ಷ ಪೌಂಡು ಬಂಡವಾಳಕ್ಕೆ ಶೇಕಡಾ 5 ಬಡ್ಡಿಯ ಖಾತರಿಯನ್ನು ಕೊಟ್ಟದ್ದು ಸರ್ಕಾರ. ಖಾತರಿ ಅಂದರೆ ನಷ್ಟವಾದರೂ ಲಂಡನ್ನಿನ ಷೇರುದಾರನಿಗೆ ಬಡ್ಡಿ ತಪ್ಪದು. ಅದು ಹೋಗುವುದು ಇಲ್ಲಿಯ ಕಂದಾಯದಿಂದ.

ಒಂದೇ ನಾಲೆಯಿಂದ ಎರಡೂ ಕೆಲಸ ತೆಗೆಯುವುದು ಎಷ್ಟು ಕಷ್ಟ ಎನ್ನುವುದು ಕಾಗದದ ಮೇಲೆ ತಿಳಿಯುವುದಿಲ್ಲ. ದೋಣಿಗೆ ವರ್ಷವಿಡೀ ನಿಂತ, ಆಳದ ನೀರು ಬೇಕು. ಪೈರಿಗೆ ಹರಿಯುವ ನೀರು ಬೇಕು, ಅದೂ ಬೇಸಿಗೆಗೆ ಹೊಳೆ ಸೊರಗಿದಾಗ ಇನ್ನೂ ಬೇಕು. ದೋಣಿಗಾಗಿ ಇಳಿಜಾರು ಕಡಿಮೆ ಮಾಡಿದರೆ ಹೂಳು ನಿಲ್ಲುತ್ತದೆ, ಇಳಿಜಾರು ಇರುವಲ್ಲಿ ಮೇಲಿಂದ ಕೆಳಕ್ಕೆ ದೋಣಿ ಇಳಿಸಲು ಬಾಗಿಲ ಕಟ್ಟೆಗಳನ್ನು ಕಟ್ಟಬೇಕು, ಅದಕ್ಕೆ ಮತ್ತೆ ದುಡ್ಡು. ಸುತ್ತ ಎರೆಭೂಮಿ, ಒಳ್ಳೆಯ ಮಳೆಯಾದ ವರ್ಷ ಜೋಳ ಬೆಳೆಯುವ ರೈತ ದುಡ್ಡು ಕೊಟ್ಟು ನೀರು ಕೊಳ್ಳಲು ಒಪ್ಪಲಿಲ್ಲ. ಕಂಪನಿ ಮುಳುಗಿತು, 1882ರಲ್ಲಿ ಸರ್ಕಾರವೇ ನಾಲೆಯನ್ನು ಕೊಂಡಿತು. ಅಷ್ಟರಲ್ಲಿ ಪೂರ್ವ ಕರಾವಳಿಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ನಮ್ಮ ಹಿರಿಯರು ದಾತು ಈಶ್ವರದ ಬರ ಎನ್ನುತ್ತಿದ್ದ 1876–78ರ ಕ್ಷಾಮದಲ್ಲಿ, ಹಸಿದು ಬಂದವರಿಂದ ಮಣ್ಣು ಹೊರಿಸಿ ಮದರಾಸಿನ ದೋಣಿ ಕಾಲುವೆಯ ತುಂಡುಗಳನ್ನು ಜೋಡಿಸಿದರು. ಗವರ್ನರನ ಹೆಸರಿನಿಂದ ಅದು ಬಕಿಂಗ್‌ಹ್ಯಾಮ್ ಕಾಲುವೆಯಾಯಿತು. ಉಪ್ಪು, ಸೌದೆ ಹೊತ್ತ ದೋಣಿಗಳು ಅಲ್ಲಿ ಬಹಳ ಕಾಲ ಓಡಾಡಿದ್ದೂ ನಿಜ. ಈಗ ಚೆನ್ನೈ ನಗರದೊಳಗೆ ಅದರ ಮೇಲೆ ನಗರ ರೈಲಿನ ಕಂಬಗಳಿವೆ, ಕೆಳಗೆ ಕೊಳಚೆ. ಇಷ್ಟಾದರೂ ನೀರಿನ ದಾರಿಯ ಮೋಹ ಹೋಗಿಲ್ಲ. 2016ರಲ್ಲಿ ಸಂಸತ್ತು ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯ ಎಂದು ಘೋಷಿಸಿತು. ಕಾಳಿ, ಶರಾವತಿ ಸರಿ. ಮಲಪ್ರಭೆಯೂ ಪಟ್ಟಿಯಲ್ಲಿದೆ. ಬೇಸಿಗೆಯಲ್ಲಿ ಬಾದಾಮಿಯ ಆಸುಪಾಸಿನಲ್ಲಿ ಆ ಹೊಳೆಯನ್ನು ಕಂಡವರು ಈ ಸಾಲನ್ನು ಎರಡು ಸಲ ಓದಬೇಕು.

ಕಾಲುವೆಯಲ್ಲಿ ದೋಣಿ ನಿಂತ ಮೇಲೆ ಉಳಿದದ್ದು ನೀರು, ನೀರಿನ ಕರ, ನೀರಿನ ಕಳ್ಳತನ. ಮುಂಬಯಿ ಕರ್ನಾಟಕದಲ್ಲಿ 1879ರ ಮುಂಬಯಿ ನೀರಾವರಿ ಕಾಯ್ದೆಯಿತ್ತು, ಮೈಸೂರು ಸಂಸ್ಥಾನ 1932ರಲ್ಲಿ ತನ್ನದನ್ನು ಮಾಡಿಕೊಂಡಿತು. ಸಂವಿಧಾನದಲ್ಲಿ ದೀಪಸ್ತಂಭ ಕೇಂದ್ರದ ಪಟ್ಟಿಗೆ, ನಾಲೆ ರಾಜ್ಯದ ಪಟ್ಟಿಗೆ ಹೋದದ್ದರಿಂದ ಇವನ್ನೆಲ್ಲ ಕೂಡಿಸಿ 1965ರಲ್ಲಿ ನಮ್ಮದೇ ನೀರಾವರಿ ಕಾಯ್ದೆ ಬಂತು. ಹೆಸರು ನಮ್ಮದು, ಕಾಗದ ನಮ್ಮದು, ಅನುಮಾನದ ಕಣ್ಣು ಮಾತ್ರ ಹಳೆಯದೇ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗಕ್ಕೆ, ರಾಯಚೂರು ಜಿಲ್ಲೆಯ ಕಡೆಗೆ, ಹೋದಾಗಲೆಲ್ಲ ಕೇಳುವ ಮಾತು ಒಂದೇ: ‘ಮ್ಯಾಲಿನವ್ರು ಮೋಟರ್ ಹಚ್ಚಿ ಎಳಕೋತಾರ್ರೀ, ನಮಗ ನೀರ ಬರಂಗಿಲ್ಲ.’ 2024ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ನಾಲೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ದಂಡ, ಜೈಲು ಎರಡನ್ನೂ ಬಿಗಿ ಮಾಡಿತು. ಕೊನೆಭಾಗದ ರೈತರಿಗೆ ಇದು ಬೇಕಾಗಿತ್ತು, ನಾನು ಇಲ್ಲವೆನ್ನುವುದಿಲ್ಲ. ಆದರೆ ಶಿಕ್ಷೆ ಹೆಚ್ಚಿಸುವುದು 1873ರಲ್ಲೇ ಕಂಡುಕೊಂಡ ದಾರಿ. ಹಿಡಿಯುವ ಕೈ ಇಲ್ಲದ ಕಡೆ ಶಿಕ್ಷೆ ಎಷ್ಟು ದೊಡ್ಡದಾದರೂ ಅದು ಪುಸ್ತಕದಲ್ಲೇ ಇರುತ್ತದೆ.

ನಾಲೆಗೂ ಒಂದು ಬಂದರಿನ ಬಾಗಿಲು ಮಾಡಿಕೊಡುವ ದಾರಿ ನಮ್ಮ ಕಾಯ್ದೆಯಲ್ಲೇ ಇದೆ. 2000ದಲ್ಲಿ ತಂದ ತಿದ್ದುಪಡಿಯಿಂದ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಬಂತು. ಇಲಾಖೆ ಒಂದು ಉಪಕಾಲುವೆಯ ಬಾಯಲ್ಲಿ ಇಂತಿಷ್ಟು ನೀರು ಎಂದು ಅಳೆದು ಸಂಘಕ್ಕೆ ಕೊಡಬೇಕು, ಒಳಗಿನ ಹಂಚಿಕೆ, ಕರ ವಸೂಲಿ ಸಂಘದ್ದು ಎನ್ನುವುದು ಅದರ ಆಶಯ. ಆಗ ಸಾವಿರ ಹೊಲಗಳ ಬದಲು ಒಂದು ಬಾಗಿಲು, ಒಂದು ಲೆಕ್ಕ. ಇದು 1873ರ ಸಾಮೂಹಿಕ ದಂಡದ ಹಾಗೆ ಕಾಣುತ್ತದೆ, ಅಲ್ಲ. ಅಲ್ಲಿ ನೀರಿನ ಮೇಲೆ ಹಿಡಿತವಿಲ್ಲದವರಿಗೆ ದಂಡ ಮಾತ್ರ ಹಂಚಿದ್ದರು, ಇಲ್ಲಿ ಹಿಡಿತವನ್ನೂ ಹಂಚಬೇಕು. ಸಂಘಗಳು ಸಾಕಷ್ಟು ನೋಂದಣಿಯಾಗಿವೆ. ನಾನು ಹೋದ ಕಡೆ ಬಹಳಷ್ಟು ಉಪಕಾಲುವೆಗಳ ಬಾಯಲ್ಲಿ ಅಳತೆಯ ಗೇಜು ಮುರಿದಿತ್ತು, ಇಲ್ಲವೆ ಇರಲೇ ಇಲ್ಲ. ಮಾನ್ವಿ ಕಡೆಯ ಸಂಘವೊಂದರ ಅಧ್ಯಕ್ಷರು ಕರದ ನೋಟಿಸು ತೋರಿಸಿ, ‘ಅಳದು ಕೊಡಲಾರದ ನೀರಿಗೆ ಅಳದು ಹ್ಯಾಂಗ ರೊಕ್ಕ ಕಟ್ಟೂಣ್ರೀ?’ ಎಂದು ಕೇಳಿದರು. ಇಲಾಖೆಯ ಎಂಜಿನಿಯರು ಜೊತೆಗೇ ಇದ್ದರು; ಗೇಜಿನ ಅಂದಾಜುಪಟ್ಟಿ ಮೇಲಕ್ಕೆ ಕಳಿಸಿದ್ದೇವೆ ಎಂದರು.